ರೇಂಜ್ 130, ಪವರ್ 240: ಎರಡೂ ಒಟ್ಟಿಗೆ ಸಿಗಲ್ಲ ಚಿಕ್ಕಪ್ಪ

[ಚಿಕ್ಕಪ್ಪ ಒಂದು ಚಿತ್ರ ಕಳಿಸಿದ್ದಾರೆ: ಎಲೆಕ್ಟ್ರಿಕ್ ರೋಡ್ ಬೈಕುಗಳ, ಅಂದರೆ ತುಳಿಯುವಾಗ ಮೋಟರ್ ಸಹಾಯ ಮಾಡುವ ರೇಸ್ ಮಾದರಿಯ ಸೈಕಲ್‌ಗಳ ಹೋಲಿಕೆ ಪಟ್ಟಿ. ತೂಕ, ಪವರ್, ರೇಂಜ್ (ಒಂದು ಚಾರ್ಜ್‌ಗೆ ಹೋಗುವ ದೂರ) ಅಂತ ಮೂರು ಅಂಕಣ. ಪ್ರತಿ ಅಂಕಣದಲ್ಲಿ ಗೆದ್ದದ್ದಕ್ಕೆ ಹಸಿರು ಟಿಕ್.]

ಚಿಕ್ಕಪ್ಪ: ಎಲ್ಲರೂ ನೋಡಿ. ಕೊನೆಗೂ ಎಲ್ಲಾ ಮಾಹಿತಿ ಒಂದೇ ಕಡೆ ಸಿಕ್ಕಿತು. ರೇಂಜ್‌ನಲ್ಲಿ ಯಾವುದಕ್ಕೆ ಟಿಕ್ ಇದೆಯೋ ಅದನ್ನೇ ತಗೊಳ್ಳೋಣ ಅಂತಿದ್ದೇನೆ. ಏನಂತೀರಿ?

ಭಾವ: ರೇಂಜ್ ನೋಡಿ ರೋಡ್ ಬೈಕ್ ತಗೊಳ್ಳುತ್ತಾರಾ ಯಾರಾದರೂ? ತೂಕ ನೋಡಿ ಸ್ವಾಮಿ. ಮೇಲಿನದಕ್ಕೂ ಕೆಳಗಿನದಕ್ಕೂ ಮೂರೂವರೆ ಕೆಜಿ ವ್ಯತ್ಯಾಸ ಇದೆ. ನಾವು ಬಾಟಲಿ ಸ್ಟ್ಯಾಂಡಿನಲ್ಲಿ 20 ಗ್ರಾಂ ಉಳಿಸಲು ಒದ್ದಾಡುವ ಜನ.

ತಮ್ಮ: ಭಾವ, ನಿಮ್ಮ ಹೊಟ್ಟೆ ಯಾವ ಅಂಕಣಕ್ಕೆ ಬರುತ್ತದೆ?

ಭಾವ: ನೀನು ಮೊದಲು ಸೈಕಲ್ ಹತ್ತು, ಆಮೇಲೆ ಮಾತಾಡು.

ನಾನು: ಚಿಕ್ಕಪ್ಪ, ಟಿಕ್ ನೋಡಿ ತಗೊಳ್ಳಬೇಡಿ. ಈ ಪಟ್ಟಿಯ ತೊಂದರೆ ಏನು ಗೊತ್ತಾ, ಪವರ್ ಅಂಕಣದ ಸಂಖ್ಯೆ ಮತ್ತು ರೇಂಜ್ ಅಂಕಣದ ಸಂಖ್ಯೆ ಒಂದೇ ಸವಾರಿಯಲ್ಲಿ ಯಾವತ್ತೂ ಸಿಗುವುದಿಲ್ಲ. ಉದಾಹರಣೆಗೆ 2019ರಲ್ಲಿ ಬಂದ ಸ್ಪೆಷಲೈಸ್ಡ್ ಕಂಪನಿಯ ಟರ್ಬೊ ಕ್ರಿಯೊ ನೋಡಿ. ಮೋಟರ್ 240 ವ್ಯಾಟ್, ಬ್ಯಾಟರಿ 320 ವ್ಯಾಟ್ ಅವರ್ (320 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು), ರೇಂಜ್ 80 ಮೈಲಿ ಅಂದರು, ಅಂದರೆ ಹತ್ತಿರ ಹತ್ತಿರ 130 ಕಿ.ಮೀ. ಈಗ ಭಾಗಾಕಾರ ಮಾಡಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ 130 ಕಿ.ಮೀ.ಗೆ ಐದು ಗಂಟೆ ಚಿಲ್ಲರೆ ಬೇಕು. 320 ಅನ್ನು ಐದು ಚಿಲ್ಲರೆ ಗಂಟೆಗೆ ಹಂಚಿದರೆ ಸರಾಸರಿ 60 ವ್ಯಾಟ್ ಬರುತ್ತದೆ. ಅದೂ ಬ್ಯಾಟರಿಯಿಂದ ಹೊರಟದ್ದು. ಬಿಸಿಯಾಗಿ ಹೋದದ್ದನ್ನು ಕಳೆದರೆ ಚಕ್ರಕ್ಕೆ 50 ಸಿಕ್ಕರೆ ಪುಣ್ಯ. ಅದೇ 240 ವ್ಯಾಟ್ ಪೂರ್ತಿ ಎಳೆದರೆ? ಒಂದು ಗಂಟೆ, ಸ್ವಲ್ಪ ಹೆಚ್ಚು ಕಡಿಮೆ. ಆಮೇಲೆ ಖಾಲಿ.

ಚಿಕ್ಕಪ್ಪ: ಅಂದರೆ ಸುಳ್ಳು ಬರೆಯುತ್ತಾರಾ?

ನಾನು: ಸುಳ್ಳಲ್ಲ. ಎರಡೂ ನಿಜ, ಆದರೆ ಬೇರೆ ಬೇರೆ ಹೊತ್ತಿನ ನಿಜ. 130 ಅನ್ನುವುದು ಅತಿ ಕಡಿಮೆ ಅಸಿಸ್ಟ್‌ನಲ್ಲಿ (ಮೋಟರಿನ ಸಹಾಯದಲ್ಲಿ), ನೀವು ಚೆನ್ನಾಗಿ ತುಳಿಯುತ್ತಾ ಇದ್ದಾಗ. 240 ಅನ್ನುವುದು ಏರಿನಲ್ಲಿ ಪೂರ್ತಿ ಅಸಿಸ್ಟ್ ಒತ್ತಿದಾಗ. ಪಟ್ಟಿ ಮಾಡಿದವರು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ, ಓದುವವರು ಎರಡೂ ಒಟ್ಟಿಗೆ ಬರುತ್ತದೆ ಅಂದುಕೊಳ್ಳುತ್ತಾರೆ.

ಅಕ್ಕ: ಚಿತ್ರ ದೊಡ್ಡದು ಮಾಡಿ ನೋಡಿದೆ. ತಳದಲ್ಲಿ ಬೂದು ಬಣ್ಣದಲ್ಲಿ ಇರುವೆ ಗಾತ್ರದ ಅಕ್ಷರ ಇದೆ. "ಅತ್ಯುತ್ತಮ ಪರಿಸ್ಥಿತಿಯಲ್ಲಿ". ಯಾರ ಪರಿಸ್ಥಿತಿ ಅಂತ ಇಲ್ಲ.

ಭಾವ: ರೇಂಜ್ ಬಿಡಿ ಅಂತ ನಾನೂ ಅದನ್ನೇ ಹೇಳಿದ್ದು. ನಾನು ಸಮತಟ್ಟಿನಲ್ಲಿ 30ರಲ್ಲಿ ಹೋಗುವವನು, ನನಗೆ ಬ್ಯಾಟರಿ ಖಾಲಿಯೇ ಆಗುವುದಿಲ್ಲ.

ನಾನು: ಆಗುವುದಿಲ್ಲ, ಯಾಕಂದರೆ ಮೋಟರ್ ಕೆಲಸವೇ ಮಾಡುತ್ತಿರುವುದಿಲ್ಲ. ಯುರೋಪಿನ ನಿಯಮದ ಬೈಕ್ ಆದರೆ ಮೋಟರಿನ ನಿರಂತರ ಪವರ್‌ಗೆ 250 ವ್ಯಾಟ್ ಮಿತಿ, ಗಂಟೆಗೆ 25 ದಾಟಿದ ಕೂಡಲೇ ಅಸಿಸ್ಟ್ ನಿಲ್ಲಬೇಕು. ಅಮೆರಿಕದಲ್ಲಿ ಕ್ಲಾಸ್ 1 ಅಂದರೆ 20 ಮೈಲಿ, ಅಂದರೆ 32 ಕಿ.ಮೀ. ಕ್ಲಾಸ್ 3 ಆದರೆ 28 ಮೈಲಿ, 45 ಕಿ.ಮೀ. ಒಂದೇ ಬೈಕು, ಒಂದೇ ಬ್ಯಾಟರಿ, ಆದರೆ 30ರಲ್ಲಿ ಓಡಿಸುವವನಿಗೆ ಒಂದು ಕಡೆ ರೇಂಜ್ ಮುಗಿಯುವುದೇ ಇಲ್ಲ, ಇನ್ನೊಂದು ಕಡೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಪಟ್ಟಿಯಲ್ಲಿ ಯಾವ ಆವೃತ್ತಿ ಅಂತ ಬರೆದಿದ್ದಾರಾ? ಇಲ್ಲ. ಬೇರೆ ಎಲೆಕ್ಟ್ರಿಕ್ ಸೈಕಲ್ ಆದರೆ ಇದು ಅಷ್ಟು ಮುಖ್ಯ ಅಲ್ಲ, ಜನ 20ರಲ್ಲೇ ಹೋಗುತ್ತಾರೆ. ರೋಡ್ ಬೈಕ್‌ನಲ್ಲಿ ಮಾತ್ರ ಎಲ್ಲವೂ ಈ ಒಂದು ಗೆರೆಯ ಮೇಲೆ ನಿಂತಿದೆ. ನಿಮ್ಮ ಸವಾರಿಯಲ್ಲಿ ಎಷ್ಟು ಪಾಲು ಆ ಗೆರೆಯ ಕೆಳಗೆ, ಎಷ್ಟು ಮೇಲೆ, ಅದು ಗೊತ್ತಾಗದೆ ತೂಕ, ಪವರ್, ರೇಂಜ್ ಯಾವುದಕ್ಕೂ ಅರ್ಥ ಇಲ್ಲ.

ಭಾವ: ಅದಕ್ಕೇ ತೂಕ ಮುಖ್ಯ! ಗೆರೆ ದಾಟಿದ ಮೇಲೆ ಆ ಮೋಟರು, ಬ್ಯಾಟರಿ ಎಲ್ಲಾ ನಾನೇ ತಾನೇ ಹೊರುವುದು?

ನಾನು: ಹೊರಿ, ಆದರೆ ಎಷ್ಟು ಭಾರ ಅಂತ ಲೆಕ್ಕ ಹಾಕಿ. ಸಮತಟ್ಟಿನಲ್ಲಿ 30ರಲ್ಲಿ ಹೋಗುವಾಗ ನಿಮ್ಮನ್ನು ತಡೆಯುವುದು ಗಾಳಿ, ತೂಕ ಅಲ್ಲ. ಜಾಸ್ತಿ ಇರುವ ಮೂರೂವರೆ ಕೆಜಿಗೆ ಟೈರಿನ ಉರುಳಾಟದಲ್ಲಿ ಹೋಗುವುದು ಒಂದೂವರೆ ವ್ಯಾಟ್ ಅಷ್ಟೇ. ಹ್ಯಾಂಡಲ್ ಮೇಲೆ ಕೈ ಒಂದು ಸಲ ಸರಿಯಾಗಿ ಮಡಚಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ಭಾವ: ಏರಿನಲ್ಲಿ?

ನಾನು: ಏರಿನಲ್ಲಿ ತೂಕ ಲೆಕ್ಕಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ನೀವು 10, 12ರಲ್ಲಿ ಇರುತ್ತೀರಿ, ಮೋಟರ್ ಕೆಲಸ ಮಾಡುತ್ತಿರುತ್ತದೆ. 500 ಮೀಟರ್ ಎತ್ತರಕ್ಕೆ ಮೂರೂವರೆ ಕೆಜಿ ಎತ್ತಲು ಬೇಕಾದ ಶಕ್ತಿ ಐದು ವ್ಯಾಟ್ ಅವರ್‌ಗಿಂತ ಒಂಚೂರು ಕಡಿಮೆ. ನಷ್ಟ ಸೇರಿಸಿ ಆರು ಅನ್ನಿ. ಆ ಮೂರೂವರೆ ಕೆಜಿಯಲ್ಲಿ ದೊಡ್ಡ ಬ್ಯಾಟರಿಯೂ ಸೇರಿದೆ. ಪಟ್ಟಿಯಲ್ಲೇ ನೋಡಿ, ಹಗುರ ಬೈಕುಗಳಲ್ಲಿ ಮಾಹ್ಲೆ ಕಂಪನಿಯ 250 ವ್ಯಾಟ್ ಅವರ್ ಆಸುಪಾಸಿನ ಬ್ಯಾಟರಿ, ಭಾರದವುಗಳಲ್ಲಿ ಫಜುವಾ ಕಂಪನಿಯ ರೈಡ್ 60 ಮೋಟರ್ ಜೊತೆ ಬರುವ 430. ಅಂದರೆ ಆರು ಖರ್ಚು ಮಾಡಿ 180 ತಂದುಕೊಂಡಂತೆ. ಇದರಲ್ಲಿ ನಷ್ಟ ಎಲ್ಲಿದೆ?

ಭಾವ: ಬೈಕಿನ ಕುಣಿತ ಅಂತ ಒಂದಿದೆ. ಎದ್ದು ನಿಂತು ತುಳಿದಾಗ ಎಡಕ್ಕೆ ಬಲಕ್ಕೆ ಹೇಗೆ ವಾಲುತ್ತದೆ, ತಿರುವಿನಲ್ಲಿ ಹೇಗೆ ಬೀಳುತ್ತದೆ. ಇದನ್ನು ಕ್ಯಾಲ್ಕುಲೇಟರ್ ಹೇಳುವುದಿಲ್ಲ.

ನಾನು: ಅದು ಸರಿ. ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಆದರೆ ನೀವು ತಗೊಳ್ಳುತ್ತಿಲ್ಲ, ಚಿಕ್ಕಪ್ಪ ತಗೊಳ್ಳುತ್ತಿದ್ದಾರೆ.

ತಮ್ಮ: ಭಾವನ ಮಾಮೂಲಿ ಬೈಕ್ ಏಳೂವರೆ ಕೆಜಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐನ ರೇಸ್ ನಿಯಮದಲ್ಲಿ ಕನಿಷ್ಠ ತೂಕ 6.8. ಭಾವನನ್ನು ಯಾವ ರೇಸಿಗೆ ಕರೆದಿದ್ದಾರೆ ಅಂತ ಇನ್ನೂ ಗೊತ್ತಾಗಿಲ್ಲ.

ಭಾವ: ಇವನನ್ನು ಗ್ರೂಪಿನಿಂದ ತೆಗೆಯಿರಿ ಯಾರಾದರೂ.

ಚಿಕ್ಕಪ್ಪ: ನನ್ನ ವಿಷಯಕ್ಕೆ ಬನ್ನಿ. ನಾನು 20, 22ರಲ್ಲಿ ಹೋಗುವವನು. ಏರು ಬಂದರೆ ಉಸಿರು ಕಟ್ಟುತ್ತದೆ. ನಿಮ್ಮ ಜೊತೆ ಬರಬೇಕು ಅನ್ನುವುದೇ ಆಸೆ.

ನಾನು: ಹಾಗಾದರೆ ನೀವು ಪೂರ್ತಿ ಹೊತ್ತು ಗೆರೆಯ ಕೆಳಗೇ ಇರುತ್ತೀರಿ, ಮೋಟರ್ ಬಿಡುವಿಲ್ಲದೆ ಕೆಲಸ ಮಾಡುತ್ತದೆ. ಕಿಲೋಮೀಟರ್ ಲೆಕ್ಕ ಮರೆತುಬಿಡಿ, ಎತ್ತರದ ಲೆಕ್ಕ ಹಿಡಿಯಿರಿ. 75 ಕೆಜಿ ಸವಾರ, 12 ಕೆಜಿ ಬೈಕು, ಒಟ್ಟು 87. ಇದನ್ನು 1000 ಮೀಟರ್ ಎತ್ತರಕ್ಕೆ ಏರಿಸಲು 237 ವ್ಯಾಟ್ ಅವರ್ ಬೇಕು. ಅರ್ಧ ನೀವು, ಅರ್ಧ ಮೋಟರ್ ಅಂದುಕೊಳ್ಳಿ. ಮೋಟರಿನ ಪಾಲು 118, ನಷ್ಟ ಸೇರಿ ಬ್ಯಾಟರಿಯಿಂದ 150 ಹೋಗುತ್ತದೆ. 250ರ ಬ್ಯಾಟರಿ ಅಂದರೆ 1600 ಮೀಟರ್ ಏರು, ಅದೂ ಸಮತಟ್ಟಿನಲ್ಲಿ ಒಂದು ಹನಿಯೂ ಬಳಸದೆ ಇದ್ದರೆ. 430ರದ್ದು ಆದರೆ 2800. ನೀವು ಹೋಗುವ ದಾರಿಯ ಒಟ್ಟು ಏರು ಎಷ್ಟು ಅಂತ ಯಾವ ಮ್ಯಾಪ್ ಆ್ಯಪ್ ಕೇಳಿದರೂ ಹೇಳುತ್ತದೆ. ಅದನ್ನು ಇದಕ್ಕೆ ಹೋಲಿಸಿ. ಪಟ್ಟಿಯ ರೇಂಜ್ ಅಂಕಣ ಮುಚ್ಚಿಬಿಡಿ.

ಅಕ್ಕ: ಜೊತೆಗೆ ಬ್ಯಾಟರಿ ಹಳೆಯದಾಗುತ್ತದೆ. ಚಳಿಯಲ್ಲಿ ಇನ್ನೂ ಕಡಿಮೆ ಕೊಡುತ್ತದೆ. ಹೊಸದರಲ್ಲಿ ಸರಿಯಾಗಿ ಸಾಕಾಗುವುದು ತಗೊಂಡರೆ ಕೆಲವು ವರ್ಷ ಆದಮೇಲೆ ಸಾಲುವುದಿಲ್ಲ. ಸ್ವಲ್ಪ ಜಾಸ್ತಿಯೇ ಇರಲಿ.

ತಮ್ಮ: ಇದಕ್ಕೆಲ್ಲಾ ಇಷ್ಟು ತಲೆ ಯಾಕೆ? ಟಾರ್ಕ್, ಅಂದರೆ ಮೋಟರಿನ ತಿರುಗಿಸುವ ಬಲ ನೋಡಿ. ಫಜುವಾಗೆ 60 ನ್ಯೂಟನ್ ಮೀಟರ್, ಮಾಹ್ಲೆಗೆ 23. ಮುಗಿಯಿತು.

ನಾನು: ಮುಗಿಯಲಿಲ್ಲ, ಇಲ್ಲೇ ಎಲ್ಲರೂ ಬೀಳುವುದು. ಆ 60 ಇರುವುದು ಪೆಡಲಿನ ಹತ್ತಿರ, 23 ಇರುವುದು ಹಿಂದಿನ ಚಕ್ರದ ನಡುವೆ. ಪೆಡಲಿನ ಹತ್ತಿರ ಇರುವ ಮೋಟರ್‌ನ ಬಲ ಚೈನ್ ಮೂಲಕ ಗೇರ್ ದಾಟಿ ಹೋಗಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ 60 ಹಾಗೆಯೇ ಚಕ್ರಕ್ಕೆ ಸಿಗುತ್ತದೆ. ಮುಂದೆ 50, ಹಿಂದೆ 11 ಹಾಕಿದರೆ 13 ಮಾತ್ರ ಉಳಿಯುತ್ತದೆ. ಚಕ್ರದ ನಡುವೆ ಇರುವ ಹಬ್ ಮೋಟರ್‌ಗೆ ಗೇರಿನ ಹಂಗಿಲ್ಲ, ಯಾವಾಗಲೂ 23. ಮಾಹ್ಲೆಯವರೇ ತಮ್ಮ ಎಕ್ಸ್20 ಹಬ್ ಮೋಟರಿನ 23 ಅನ್ನು ಪೆಡಲ್ ಮೋಟರಿನ 55ಕ್ಕೆ ಸಮ ಅನ್ನುತ್ತಾರೆ.

ತಮ್ಮ: ಹಾಗಾದರೆ ಹಬ್ ಒಳ್ಳೇದು?

ನಾನು: ಇರು ಮಾರಾಯ. ಆ 55 ಅನ್ನುವುದು ಸಾಧಾರಣ ರಸ್ತೆಗೆ ಸರಿ. ಕಡಿದಾದ ಏರಿನಲ್ಲಿ ಕಥೆ ಬೇರೆ. ಚಕ್ರದ ತ್ರಿಜ್ಯ 34 ಸೆಂ.ಮೀ. ಅಂತ ಇಟ್ಟುಕೊ, 23 ನ್ಯೂಟನ್ ಮೀಟರ್ ಅಂದರೆ ರಸ್ತೆಯ ಮೇಲೆ 68 ನ್ಯೂಟನ್ ತಳ್ಳು. ಗಂಟೆಗೆ 10ರಲ್ಲಿ ಅದು 188 ವ್ಯಾಟ್, ಚೆನ್ನಾಗಿಯೇ ಇದೆ. ಏರು ಇನ್ನೂ ಕಡಿದಾಗಿ ವೇಗ 6ಕ್ಕೆ ಇಳಿದರೆ 113 ವ್ಯಾಟ್. ಅಂದರೆ ನಿನಗೆ ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿಗೇ ಅದು ಕಡಿಮೆಯಾಗುತ್ತದೆ. ನಿಧಾನಕ್ಕೆ ತಿರುಗುವ ಮೋಟರ್ ಬಿಸಿಯೂ ಜಾಸ್ತಿ ಆಗುತ್ತದೆ. ಪೆಡಲ್ ಮೋಟರ್ ಆದರೆ ಸಣ್ಣ ಗೇರಿಗೆ ಇಳಿಸಿದರೆ ಕಾಲು ಬೇಗ ಬೇಗ ತಿರುಗುತ್ತದೆ, ಮೋಟರೂ ಹಾಗೆಯೇ, ಪವರ್ ಉಳಿಯುತ್ತದೆ. ಟಿಕ್ಯು ಕಂಪನಿಯ ಎಚ್‌ಪಿಆರ್50 ನೋಡು, 50 ನ್ಯೂಟನ್ ಮೀಟರ್, ಗರಿಷ್ಠ 300 ವ್ಯಾಟ್, ಬ್ಯಾಟರಿ 360. ಟ್ರೆಕ್ ಕಂಪನಿಯ ಡೊಮಾನೆ ಪ್ಲಸ್ ಎಸ್‌ಎಲ್‌ಆರ್‌ನಲ್ಲಿ ಅದೇ ಇರುವುದು. ಸಂಖ್ಯೆಯಲ್ಲಿ ಫಜುವಾಗಿಂತ ಕಡಿಮೆ, ಆದರೆ ಸದ್ದು ಕೇಳಿಸುವುದೇ ಇಲ್ಲ ಅನ್ನುವಷ್ಟು ಮೆತ್ತಗೆ. ಸದ್ದಿಗೆ ಯಾರೂ ಅಂಕಣ ಮಾಡುವುದಿಲ್ಲ.

ಭಾವ: ಹಬ್‌ನಲ್ಲಿ ಇನ್ನೊಂದು ತಲೆನೋವು ಇದೆ, ಪಂಕ್ಚರ್. ಮಾಹ್ಲೆಯ ಹಳೆಯ ಎಕ್ಸ್35 ಆದರೆ ಹಿಂದಿನ ಚಕ್ರ ಬಿಚ್ಚಬೇಕಾದರೆ ಮೊದಲು ಫ್ರೇಮಿನ ಪಕ್ಕದ ವೈರಿನ ಕನೆಕ್ಟರ್ ಎಳೆಯಬೇಕು, ಆಮೇಲೆ ಎರಡೂ ಕಡೆ ಬೋಲ್ಟ್‌ಗೆ ಕೀಲಿ ಹಾಕಬೇಕು. ಮಳೆಯಲ್ಲಿ, ಕೈಯೆಲ್ಲಾ ಗ್ರೀಸು. ಎಕ್ಸ್20ರಲ್ಲಿ ವೈರ್ ಇಲ್ಲ, ಆ್ಯಕ್ಸಲ್ ಎಳೆದರೆ ಸಾಕು.

ನಾನು: ಇದು ನಿಜಕ್ಕೂ ಕೆಲಸಕ್ಕೆ ಬರುವ ಮಾತು. ಚಿಕ್ಕಪ್ಪ, ಬರೆದಿಟ್ಟುಕೊಳ್ಳಿ.

ಚಿಕ್ಕಮ್ಮ: ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ನನ್ನದೊಂದೇ ಪ್ರಶ್ನೆ. ಅದನ್ನು ಚಾರ್ಜ್ ಮಾಡುವುದು ಎಲ್ಲಿ?

ಚಿಕ್ಕಪ್ಪ: ಮನೆಯಲ್ಲೇ.

ಚಿಕ್ಕಮ್ಮ: ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ಕೆಳಗೆ ಪ್ಲಗ್ ಇಲ್ಲ. ನಿಮ್ಮ ಬೆನ್ನು ಹೇಗಿದೆ?

ತಮ್ಮ: 😂😂

ನಾನು: ಚಿಕ್ಕಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ತೂಕ ಮುಖ್ಯ ಆಗುವುದು ಇಲ್ಲಿ, ರಸ್ತೆಯ ಮೇಲೆ ಅಲ್ಲ. ಕ್ರಿಯೊ, ಎಕ್ಸ್35 ಇಂಥವುಗಳಲ್ಲಿ ಬ್ಯಾಟರಿ ಫ್ರೇಮಿನ ಒಳಗೇ ಕೂತಿರುತ್ತದೆ, ಚಾರ್ಜ್ ಮಾಡುವ ತೂತು ಪೆಡಲಿನ ಹತ್ತಿರ ಕೆಳಗಡೆ ಇರುತ್ತದೆ. ಪ್ಲಗ್ ಇದ್ದಲ್ಲಿಗೆ ಇಡೀ ಬೈಕೇ ಬರಬೇಕು. ಅಂದರೆ 12, 13 ಕೆಜಿ ದಿನಾ ಮೂರು ಮಹಡಿ. ಫಜುವಾ ರೈಡ್ 60ರಲ್ಲಿ ಬ್ಯಾಟರಿ ಕಳಚಿಕೊಳ್ಳುವ ವ್ಯವಸ್ಥೆ ಇದೆ, ಆದರೆ ಎಲ್ಲಾ ಬೈಕ್ ತಯಾರಕರೂ ಅದನ್ನು ಕೊಟ್ಟಿಲ್ಲ, ಮಾಡೆಲ್ ನೋಡಿ ಕೇಳಬೇಕು. ಕಳಚಿದರೆ ಕೈಯಲ್ಲಿ ಎರಡು ಚಿಲ್ಲರೆ ಕೆಜಿ ಅಷ್ಟೇ. ಬೈಕನ್ನು ಕೆಳಗೆ ಬೀಗ ಹಾಕಿ ಬಿಡಬಹುದು. ಪಟ್ಟಿಯ ತೂಕದ ಅಂಕಣದಲ್ಲಿ ಕೊನೆಗೆ ಬಂದದ್ದು ನಿಮ್ಮ ಮನೆಗೆ ಎಲ್ಲಕ್ಕಿಂತ ಹಗುರ ಆಗಬಹುದು.

ಭಾವ: ಈ ಮಾತಿಗೆ ಮಾತ್ರ ಒಪ್ಪಿಗೆ. ಬೈಕ್ ಬೀಗ ಹಾಕಿ ಬಿಡುವುದಕ್ಕೆ ಅಲ್ಲ.

ಅಕ್ಕ: ವಿಮಾನದಲ್ಲಿ ಒಯ್ಯುವ ಆಸೆ ಇದ್ದರೆ ಈಗಲೇ ಬಿಡಿ. ಪ್ರತ್ಯೇಕವಾಗಿ ಒಯ್ಯುವ ಬ್ಯಾಟರಿ 100 ವ್ಯಾಟ್ ಅವರ್ ದಾಟಿದರೆ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರಿಗೆ ಇಲ್ಲವೇ ಇಲ್ಲ. ಇವೆಲ್ಲಾ ಅದಕ್ಕಿಂತ ದೊಡ್ಡವು.

ಚಿಕ್ಕಪ್ಪ: ಆ ಬಾಟಲಿ ತರಹದ ಹೆಚ್ಚುವರಿ ಬ್ಯಾಟರಿ ಬರುತ್ತದಲ್ಲ, ಅದು?

ನಾನು: ಬರುತ್ತದೆ, ಕ್ರಿಯೊಗೆ 160 ವ್ಯಾಟ್ ಅವರ್, ಟಿಕ್ಯುಗೂ 160. ಕೆಜಿ ಹತ್ತಿರ ತೂಕ. ಒಂದು ನೀರಿನ ಬಾಟಲಿಯ ಜಾಗ ಹೋಗುತ್ತದೆ. ಕೆಲವು ಪಟ್ಟಿಗಳಲ್ಲಿ ರೇಂಜ್ ಹೇಳುವಾಗ ಇದನ್ನು ಸೇರಿಸುತ್ತಾರೆ, ತೂಕ ಹೇಳುವಾಗ ತೆಗೆಯುತ್ತಾರೆ. ತೂಕವನ್ನು ಪೆಡಲ್ ಇಲ್ಲದೆ ಹೇಳುವುದು ಮಾಮೂಲು. ನಿಮ್ಮ ಅಳತೆಯ ಬೈಕು, ಪೆಡಲ್, ಬಾಟಲಿ ಸ್ಟ್ಯಾಂಡ್, ಲೈಟ್ ಎಲ್ಲಾ ಸೇರಿ ಒಂದು ಕೆಜಿ ಜಾಸ್ತಿಯೇ ಅಂತ ಮೊದಲೇ ಅಂದುಕೊಳ್ಳಿ.

ಭಾವ: ನಾನು ಇನ್ನೂ ಹಗುರದ್ದೇ ಅನ್ನುತ್ತೇನೆ. ಚಿಕ್ಕಪ್ಪ ಒಂದು ವರ್ಷದಲ್ಲಿ 28ಕ್ಕೆ ಬರುತ್ತಾರೆ, ಆಗ ಆ ದೊಡ್ಡ ಬ್ಯಾಟರಿ ಸುಮ್ನೆ ಹೊರೆ.

ನಾನು: ಬಂದರೆ ಒಳ್ಳೇದೇ. ಅಲ್ಲಿಯವರೆಗೆ ಏರಿನಲ್ಲಿ ತಳ್ಳುವುದು ಯಾರು, ನೀವಾ?

ಭಾವ: ತಳ್ಳುತ್ತೇನೆ ಬೇಕಾದರೆ.

ಅಕ್ಕ: ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಚಿಕ್ಕಪ್ಪ: ಸರಿ, ಅಂಗಡಿಗೆ ಹೋದಾಗ ಏನು ನೋಡಬೇಕು ಅಷ್ಟು ಹೇಳಿ.

ನಾನು: ಸಮತಟ್ಟಿನಲ್ಲಿ ಓಡಿಸಿ ಬರಬೇಡಿ, ಅಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಕಡಿದಾದ ಏರಿಗೆ ಒಯ್ಯಿರಿ. ಮಧ್ಯದಲ್ಲಿ ಪೂರ್ತಿ ನಿಲ್ಲಿಸಿ, ಕಾಲು ಕೆಳಗಿಟ್ಟು ಮತ್ತೆ ಹೊರಡಿ. ಮೋಟರ್ ಆ ಮೊದಲ ಎರಡು ತುಳಿತದಲ್ಲಿ ಹಿಡಿಯುತ್ತದಾ, ಇಲ್ಲ ಒಂದು ಕ್ಷಣ ತಡವರಿಸಿ ಆಮೇಲೆ ಜಗ್ಗುತ್ತದಾ, ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪೂರ್ತಿ ಆಫ್ ಮಾಡಿ ಅದೇ ಏರು ಸ್ವಲ್ಪ ಹತ್ತಿ. ಬ್ಯಾಟರಿ ಮುಗಿದ ದಿನ ಮನೆಗೆ ಬರುವುದು ಹಾಗೆಯೇ. ಸಣ್ಣ ಗೇರ್ ಸಾಲದಿದ್ದರೆ ಹಿಂದೆ ಹೆಚ್ಚು ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರುಗಳ ಗುಚ್ಛ) ಹಾಕಿಸಲು ಆಗುತ್ತದಾ ಕೇಳಿ, ಅದು ಅರ್ಧ ಮೋಟರಿಗೆ ಸಮ. 25ರ ಹತ್ತಿರ ಹೋಗಿ ಅಸಿಸ್ಟ್ ಬಿಡುವಾಗ ಗೋಡೆಗೆ ಗುದ್ದಿದ ಹಾಗೆ ಆಗುತ್ತದಾ ಅಂತಲೂ ನೋಡಿ.

ಚಿಕ್ಕಪ್ಪ: ಭಾನುವಾರ ಹೋಗೋಣ. ಯಾರು ಯಾರು ಬರುತ್ತೀರಿ?

ಭಾವ: ನಾನು ಬರುತ್ತೇನೆ. ತೂಗುವ ಕೊಕ್ಕೆ ತರುತ್ತೇನೆ.

ಚಿಕ್ಕಮ್ಮ: ಪೆಡಲ್ ಹಾಕಿಸಿಯೇ ತೂಗಿ. ಆಮೇಲೆ ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಮೂರು ಸಲ ಹತ್ತಿಸಿ, ವಿಡಿಯೊ ಮಾಡಿ ಇಲ್ಲಿ ಹಾಕಿ.