ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಹೋಗುವ ಅನ್ಯಧರ್ಮೀಯರು ಏನೇನು ತಿಳಿದಿರಬೇಕು?

ಪ್ರಶ್ನೆ: ಪಿ.ಜೆ. ಬಡಾವಣೆ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು, ವೀರಶೈವ ಮನೆತನದವರು. ನೆಂಟರ ಮನೆಗೆಂದೋ ಹರಿಹರೇಶ್ವರನ ದರ್ಶನಕ್ಕೆಂದೋ ಹರಿಹರಕ್ಕೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದರೂ ಅಲ್ಲಿನ ಆರೋಗ್ಯ ಮಾತೆಯ ಚರ್ಚಿನೊಳಗೆ ಇದುವರೆಗೆ ಕಾಲಿಟ್ಟಿಲ್ಲ. ನಮ್ಮ ತಾಯಿಯವರಿಗೆ ಮಂಡಿನೋವು. ಆ ಮಾತೆಗೆ ಹರಕೆ ಹೊತ್ತುಕೊಳ್ಳಿರೆಂದು ನೆರೆಮನೆಯ ಅಕ್ಕನವರು ಹೇಳಿದ ದಿನದಿಂದ, ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗಲೇಬೇಕೆಂದು ಅವರು ಪಟ್ಟು ಹಿಡಿದಿದ್ದಾರೆ. ನನಗೆ ಹರಕೆಗಿಂತ ಆ ಸ್ಥಳವನ್ನು ನೋಡಬೇಕು, ಅಲ್ಲಿನ ಪೂಜೆಯ ಕ್ರಮವೇನೆಂದು ತಿಳಿಯಬೇಕು ಎಂಬ ಕುತೂಹಲವೇ ಹೆಚ್ಚು.

ಪೂಜೆ ನಡೆಯುತ್ತಿರುವಾಗ ಹೊರಗಿನವರು ಒಳಗೆ ಕೂರಬಹುದೇ, ಚಪ್ಪಲಿಯನ್ನು ಎಲ್ಲಿ ಬಿಡಬೇಕು, ತಾಯಿಯವರು ತಲೆಯ ಮೇಲೆ ಸೆರಗು ಹೊದೆಯಬೇಕೇ, ಹೂವು ಹಣ್ಣು ಒಯ್ಯುವ ಪದ್ಧತಿ ಇದೆಯೇ, ಫೋಟೋ ತೆಗೆದರೆ ಯಾರಾದರೂ ಬೇಸರಪಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಹಬ್ಬದ ದಿನವೇ ಹೋಗುವುದು ಲೇಸೋ ಬೇರೆ ದಿನ ಒಳ್ಳೆಯದೋ ಎಂಬುದನ್ನೂ ಹೇಳಿ. ಅಲ್ಲಿಯವರ ಮನಸ್ಸಿಗೆ ನೋವಾಗುವಂಥದ್ದೇನನ್ನೂ ಅರಿಯದೆ ಮಾಡಬಾರದೆಂಬುದಷ್ಟೇ ನನ್ನ ಕಾಳಜಿ.

ಉತ್ತರ 1: ಹರಿಹರದ ಗೃಹಿಣಿ

ಅಣ್ಣನವರೇ, ತಾಯಿಯವರನ್ನು ಧಾರಾಳವಾಗಿ ಕರೆದುಕೊಂಡು ಬನ್ನಿ. ನಾನು ಹುಟ್ಟಿನಿಂದ ಕಥೋಲಿಕಳು; ನಮ್ಮ ಚರ್ಚಿಗೆ ಬರುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ಬಾಗಿಲಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ಪೂಜೆಯ ಹೊತ್ತಿನಲ್ಲೂ ಕೂರಬಹುದು. ಆದರೆ ಮೊದಲ ಸಲ ಬರುವವರು ಹಿಂದಿನ ಬೆಂಚುಗಳಲ್ಲಿ, ನಡುವಿನ ದಾರಿಯಿಂದ ದೂರವಾಗಿ, ಗೋಡೆಯ ಬದಿಗೆ ಕುಳಿತರೆ ಅನುಕೂಲ. ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರಾಯಿತು. ನಾವು ಮಂಡಿಯೂರುವ ಹೊತ್ತಿನಲ್ಲಿ ನೀವು ಊರಬೇಕಾಗಿಲ್ಲ, ಸುಮ್ಮನೆ ಕುಳಿತಿರಬಹುದು. ಮಂಡಿನೋವಿರುವ ತಾಯಿಯವರಿಗಂತೂ ಅದರ ಚಿಂತೆಯೇ ಬೇಡ, ನಮ್ಮಲ್ಲೂ ವಯಸ್ಸಾದವರು ಕುಳಿತೇ ಇರುತ್ತಾರೆ.

ನಾವು ಬಲಿಪೂಜೆ ಎನ್ನುವ ಈ ಪೂಜೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲು ಬೈಬಲ್ಲಿನ ವಾಚನಗಳು ಮತ್ತು ಗುರುಗಳ ಪ್ರಬೋಧನೆ, ಆಮೇಲೆ ಬಲಿಪೀಠದ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆ. ಗುರುಗಳು ಬಿಳಿಯ ತೆಳು ರೊಟ್ಟಿಯನ್ನು ಎರಡೂ ಕೈಗಳಿಂದ ಮೇಲೆತ್ತಿ ಹಿಡಿದಾಗ ಚಿಕ್ಕ ಗಂಟೆ ಮೊಳಗುತ್ತದೆ. ಆ ಕ್ಷಣದಲ್ಲಿ ಆ ರೊಟ್ಟಿ ಯೇಸುಸ್ವಾಮಿಯ ಶರೀರವೇ ಆಗುತ್ತದೆಂಬುದು ನಮ್ಮ ನಂಬಿಕೆ. ಹೊರಗಿನವರಾದ ನೀವು ಒಂದೇ ಒಂದು ವಿಷಯವನ್ನು ಗಮನದಲ್ಲಿಟ್ಟುಕೊಳ್ಳಬೇಕಾದರೆ ಅದು ಇದು: ಅದಾದ ಸ್ವಲ್ಪ ಹೊತ್ತಿಗೆ ಜನರು ಎದ್ದು ಸಾಲಾಗಿ ಮುಂದೆ ಹೋಗಿ, ಗುರುಗಳ ಕೈಯಿಂದ ಆ ಪರಮಪ್ರಸಾದವನ್ನು ಅಂಗೈಯಲ್ಲಿಯೋ ನಾಲಿಗೆಯ ಮೇಲೆಯೋ ಸ್ವೀಕರಿಸುತ್ತಾರೆ. ಆ ಸಾಲಿಗೆ ಸೇರಬೇಡಿ. ಗುಡಿಗೆ ಹೋಗಿ ಪ್ರಸಾದ ತೆಗೆದುಕೊಳ್ಳದೆ ಬರುವುದು ಅಗೌರವವೆಂದು ಭಾವಿಸಿ ಭಕ್ತಿಯಿಂದಲೇ ಕೈಚಾಚುವವರನ್ನು ನಾನು ಕಂಡಿದ್ದೇನೆ, ಆಗ ಗುರುಗಳಿಗೂ ಅವರಿಗೂ ಮುಜುಗರವಾಗುತ್ತದೆ. ದೀಕ್ಷಾಸ್ನಾನ ಪಡೆದ ಕಥೋಲಿಕರಿಗಷ್ಟೇ ಅದು ಮೀಸಲು. ನಮ್ಮಲ್ಲೂ ಪಾಪನಿವೇದನೆ, ಅಂದರೆ ಗುರುಗಳ ಬಳಿ ತಪ್ಪೊಪ್ಪಿಗೆ, ಮಾಡಿಕೊಳ್ಳದವರು ಅನೇಕ ವೇಳೆ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ಆದ್ದರಿಂದ ನೀವು ಕುಳಿತಿದ್ದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಕ್ಕದವರು ಎದ್ದು ಹೋಗಲು ಕಾಲು ಸರಿಸಿಕೊಟ್ಟರೆ ಸಾಕು.

ಇನ್ನು ಉಳಿದವು ಸಣ್ಣ ವಿಷಯಗಳು. ಗಂಡಸರು ಟೋಪಿ ತೆಗೆಯಬೇಕು. ಹೆಂಗಸರು ಸೆರಗು ಹೊದೆಯುವುದು ವಾಡಿಕೆಯೇ ಹೊರತು ಕಡ್ಡಾಯವಲ್ಲ. ತೋಳಿಲ್ಲದ ಅಂಗಿ ಮತ್ತು ಚಡ್ಡಿ ಬೇಡ. ಚಪ್ಪಲಿಯ ವಿಷಯದಲ್ಲಿ ಬಾಗಿಲ ಬಳಿ ಉಳಿದವರು ಏನು ಮಾಡಿದ್ದಾರೆಂದು ನೋಡಿ, ಹಾಗೆಯೇ ಮಾಡಿ. ಬಾಗಿಲ ಪಕ್ಕದ ಬಟ್ಟಲಿನಲ್ಲಿರುವ ನೀರು ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಳ್ಳಲು ಇಟ್ಟಿರುವುದು, ತೀರ್ಥವೆಂದು ಕುಡಿಯಬಾರದು. ಮೇಣದಬತ್ತಿ ಮತ್ತು ಹೂವಿನ ಹಾರ ಅರ್ಪಿಸಬಹುದು. ತೆಂಗಿನಕಾಯಿ ಒಡೆಯುವ, ಪ್ರತಿಮೆಗೆ ಅರಿಸಿನ ಕುಂಕುಮ ಹಚ್ಚುವ ಕ್ರಮ ನಮ್ಮಲ್ಲಿ ಇಲ್ಲ. ಮೇಣದಬತ್ತಿ ಹಚ್ಚುವಾಗ ತಾಯಿಯವರ ಸೆರಗನ್ನು ನೀವೇ ಹಿಡಿದುಕೊಳ್ಳಿ, ಪಕ್ಕದ ಬತ್ತಿಗಳಿಂದ ತೊಟ್ಟಿಕ್ಕುವ ಮೇಣ ರೇಷ್ಮೆಗೆ ಅಂಟಿದರೆ ಮತ್ತೆ ಬಿಡುವುದಿಲ್ಲ. ಪೂಜೆ ನಡೆಯದ ಹೊತ್ತಿನಲ್ಲಿ, ಅಲ್ಲಿದ್ದವರನ್ನು ಒಂದು ಮಾತು ಕೇಳಿ ಫೋಟೋ ತೆಗೆಯಬಹುದು. ಒಳಗೆ ಬದಿಯಲ್ಲೆಲ್ಲಾದರೂ ಗುರುಗಳು ಕುಳಿತು, ಅವರ ಮುಂದೆ ಜನರು ದೂರ ದೂರ ನಿಂತಿರುವ ಸಾಲು ಕಂಡರೆ ಅದು ಪಾಪನಿವೇದನೆಯದು, ಅತ್ತ ಕ್ಯಾಮೆರಾ ತಿರುಗಿಸಲೇಬೇಡಿ.

ಉತ್ತರ 2: ದುರ್ಗದ ಅಲೆಮಾರಿ

ಮೇಲಿನ ಸೋದರಿಯವರು ಚರ್ಚಿನ ಒಳಗಿನ ಮರ್ಯಾದೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಯಾವ ದಿನ ಹೋಗಬೇಕೆಂಬುದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಾನು ಚಿತ್ರದುರ್ಗದವನು, ಕ್ರೈಸ್ತನಲ್ಲ. ಜಾತ್ರೆಗಳನ್ನು ನೋಡುವ ಹುಚ್ಚಿನಿಂದ ತಮಿಳುನಾಡಿನ ವೇಳಾಂಗಣಿಯ ಆರೋಗ್ಯ ಮಾತೆಯ ಹಬ್ಬಕ್ಕೂ ಹೋಗಿ ಬಂದಿದ್ದೇನೆ. ಪುಣ್ಯಕ್ಷೇತ್ರದ ನಿಜವಾದ ಸ್ವರೂಪ ಕಾಣುವುದು ಹಬ್ಬದಲ್ಲಿಯೇ. ಬರಿದಾದ ಕಟ್ಟಡವನ್ನು ಸುತ್ತಿ ಬಂದರೆ ಕಮಾನು ಕಿಟಕಿಗಳನ್ನು ನೋಡಿದಂತಾಗುತ್ತದೆಯೇ ಹೊರತು, ಜನರು ಅಷ್ಟು ದೂರದಿಂದ ಅಲ್ಲಿಗೇಕೆ ಬರುತ್ತಾರೆಂಬುದು ತಿಳಿಯುವುದಿಲ್ಲ.

ಸೆಪ್ಟೆಂಬರ್ 8 ಆರೋಗ್ಯ ಮಾತೆಯೆನಿಸಿದ ಮರಿಯಮ್ಮನವರ, ಅಂದರೆ ಯೇಸುವಿನ ತಾಯಿಯ, ಜನ್ಮದಿನದ ಹಬ್ಬ. ವೇಳಾಂಗಣಿಯಲ್ಲಿಯೂ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿಯೂ ಆಗಸ್ಟ್ 29ರಂದು ಧ್ವಜಾರೋಹಣವಾಗಿ ಅಂದಿನಿಂದ 8ರವರೆಗೆ ಹಬ್ಬ ನಡೆಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿದ ಪೋರ್ಚುಗೀಸ್ ನಾವಿಕರು ಮಾತೆಯನ್ನು ಪ್ರಾರ್ಥಿಸಿ ಇದೇ ತಾರೀಖಿನಂದು ವೇಳಾಂಗಣಿಯ ದಡ ಸೇರಿದರೆಂಬುದು ಅಲ್ಲಿಯ ಐತಿಹ್ಯ. ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗನೊಬ್ಬ ಮಾತೆಯ ಕೃಪೆಯಿಂದ ಎದ್ದು ನಡೆದನೆಂಬ ಕಥೆಯನ್ನೂ ಅಲ್ಲಿ ಹೇಳುತ್ತಾರೆ. ಹರಕೆ ಹೊತ್ತವರು ಬೆಸಿಲಿಕಾದಿಂದ ಮಾತೆಯ ಕೊಳದವರೆಗಿನ ಮರಳ ದಾರಿಯನ್ನು ಮಂಡಿಗಾಲಿನಲ್ಲಿಯೇ ಸವೆಸುತ್ತಾರೆ. ಕಾವಿ ಉಟ್ಟವರು, ಮುಡಿ ಕೊಟ್ಟು ತಲೆಗೆ ಗಂಧ ಬಳಿದುಕೊಂಡವರು, ಸೀರೆ ಉಟ್ಟ ಮಾತೆಯ ಪ್ರತಿಮೆ, ಇವನ್ನೆಲ್ಲ ನೋಡಿದಾಗ ನಮ್ಮ ಕಡೆಯ ಜಾತ್ರೆಗಳನ್ನು ಬಲ್ಲವರಿಗೆ ಯಾವುದೂ ಪರಕೀಯವೆನಿಸುವುದಿಲ್ಲ. ಹರಕೆ ತೀರಿದವರು ಒಪ್ಪಿಸಿದ ಕಾಣಿಕೆಗಳದೇ ಒಂದು ಸಂಗ್ರಹಾಲಯವಿದೆ. ಕಣ್ಣು, ಕೈ, ಕಾಲು, ತೊಟ್ಟಿಲು, ಮನೆ ಹೀಗೆ ಬೆಳ್ಳಿಯ ತಗಡಿನಲ್ಲಿ ಕತ್ತರಿಸಿದ ಚಿಕ್ಕ ಚಿಕ್ಕ ಆಕೃತಿಗಳನ್ನು ಸಾಲಾಗಿ ನೋಡುತ್ತಾ ಹೋದರೆ, ಊರೂರಿನ ಜನರ ಕಷ್ಟಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಕಟ್ಟಡಕ್ಕಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಅದೇ.

ಆದ್ದರಿಂದ ಹರಿಹರಕ್ಕೂ ಹಬ್ಬದ ದಿನವೇ ಹೋಗಿ ಎನ್ನುತ್ತೇನೆ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದಾರಿ, ಬಸ್ಸುಗಳಿಗೆ ಬರವಿಲ್ಲ. ಸ್ವಂತ ಕಾರನ್ನು ಮಾತ್ರ ಒಯ್ಯಬೇಡಿ, ಆ ದಿನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಪೂಜೆ ಮುಗಿದಿರುತ್ತದೆ.

ಉತ್ತರ 3: ಹೊಳಲ್ಕೆರೆಯ ನಿವೃತ್ತ ಶಿಕ್ಷಕ

ಅಲೆಮಾರಿಯವರ ಉತ್ಸಾಹವನ್ನು ಒಪ್ಪುತ್ತೇನೆ, ಸಲಹೆಯನ್ನು ಒಪ್ಪಲಾರೆ. ಪ್ರಶ್ನೆ ಕೇಳಿದವರ ತಾಯಿಯವರಿಗೆ ಮಂಡಿನೋವಿದೆ. ಹಬ್ಬದ ದಿನದ ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ದೂರದಿಂದ ತೇರಿನ ತುದಿಯನ್ನಷ್ಟೇ ತೋರಿಸಿ ಕರೆತಂದರೆ ಅವರಿಗೆ ಸಮಾಧಾನವಾಗುವುದೇ? ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಡೆಯುವ ನವದಿನಗಳ ಪ್ರಾರ್ಥನೆಯ ಅವಧಿಯಲ್ಲಿ ಒಂದು ದಿನ, ಭಾನುವಾರವನ್ನು ಬಿಟ್ಟು, ಬೆಳಗಿನ ಪೂಜೆಗೆ ಹೋದರೆ ಹಬ್ಬದ ಕಳೆಯೂ ಕಾಣುತ್ತದೆ, ಕೂರಲು ಜಾಗವೂ ಸಿಗುತ್ತದೆ. ಶನಿವಾರ ಮರಿಯಮ್ಮನವರಿಗೆ ಮೀಸಲಾದ ದಿನವೆಂಬ ನಂಬಿಕೆಯಿರುವುದರಿಂದ ಇಂಥ ಕ್ಷೇತ್ರಗಳಲ್ಲಿ ಅಂದು ಜನ ಹೆಚ್ಚು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನೊಂದು ಮಾತು: ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ದಿನಗಳಲ್ಲಿ ಕೆಲವು ಚರ್ಚುಗಳಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚಿರುತ್ತಾರೆ, ಶುಭ ಶುಕ್ರವಾರದಂದು ಬಲಿಪೂಜೆಯೇ ಇರುವುದಿಲ್ಲ, ಆ ದಿನದ ಪ್ರಾರ್ಥನೆಯ ಕ್ರಮವೇ ಬೇರೆ. ಮಾತೆಯ ದರ್ಶನಕ್ಕೆಂದೇ ಹೋಗುವವರು ಆ ಸಮಯವನ್ನು ಬಿಡುವುದು ಒಳ್ಳೆಯದು.

ಬೆಸಿಲಿಕಾ ಎಂದರೇನೆಂದು ಅಲ್ಲಿಗೆ ಹೋದಾಗ ತಾಯಿಯವರು ಕೇಳಬಹುದು. ಪೋಪ್ ಅವರು ವಿಶೇಷ ಗೌರವ ಕೊಟ್ಟ ಚರ್ಚನ್ನು ಹಾಗೆ ಕರೆಯುತ್ತಾರೆ. ಹಿರಿಯ ಬೆಸಿಲಿಕಾಗಳು ನಾಲ್ಕೇ, ನಾಲ್ಕೂ ರೋಮಿನಲ್ಲಿವೆ. ಜಗತ್ತಿನ ಉಳಿದವೆಲ್ಲ ಕಿರಿಯ ಬೆಸಿಲಿಕಾಗಳು. ವೇಳಾಂಗಣಿಗೆ 1962ರಲ್ಲಿ, ಶಿವಾಜಿನಗರದ ಚರ್ಚಿಗೆ 1974ರಲ್ಲಿ, ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ 2016ರಲ್ಲಿ ಆ ಗೌರವ ಸಂದಿತು. ಹರಿಹರದ್ದೂ ಪೋಪ್ ಫ್ರಾನ್ಸಿಸ್ ಅವರ ಕಾಲದ್ದೇ. ಅರ್ಧ ತೆರೆದ, ಕೆಂಪು ಹಳದಿ ಪಟ್ಟಿಗಳ ರೇಷ್ಮೆಯ ಕೊಡೆ ಮತ್ತು ಕೋಲಿಗೆ ಕಟ್ಟಿದ ಚಿಕ್ಕ ಗಂಟೆ ಬೆಸಿಲಿಕಾದ ಲಾಂಛನಗಳು. ಯಾವುದೇ ಬೆಸಿಲಿಕಾಕ್ಕೆ ಹೋದರೂ ಬಲಿಪೀಠದ ಆಸುಪಾಸಿನಲ್ಲಿ ಇವು ಇವೆಯೇ ಎಂದು ಕಣ್ಣಾಡಿಸಿ, ಸಾಮಾನ್ಯವಾಗಿ ಪ್ರವಾಸಿಗರು ಗಮನಿಸದೆ ಹೋಗುವ ವಸ್ತುಗಳಿವು. ಆಡಳಿತದ ಮಟ್ಟಿಗೆ ಹರಿಹರವು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿಯ ಬಿಷಪ್ಪರ ಆಡಳಿತ ವ್ಯಾಪ್ತಿಗೆ, ಸೇರಿದೆ. ನಮ್ಮ ಚಿತ್ರದುರ್ಗವೂ ಅದೇ ಧರ್ಮಕ್ಷೇತ್ರದಲ್ಲಿದೆ. 1997ರಲ್ಲಿ ಜಿಲ್ಲೆ ಒಡೆದು ಹರಿಹರ ದಾವಣಗೆರೆಯ ಪಾಲಾದರೂ ಚರ್ಚಿನ ಲೆಕ್ಕದಲ್ಲಿ ನಾವಿನ್ನೂ ಒಂದೇ ಮನೆಯವರು.

ಹರಿಹರೇಶ್ವರನ ಗುಡಿಯನ್ನೂ ಅದೇ ದಿನ ಮತ್ತೊಮ್ಮೆ ನೋಡಿ ಬನ್ನಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯದು. ಒಂದೇ ಬೆಳಗಿನಲ್ಲಿ ಎರಡನ್ನೂ ನೋಡುವ ಭಾಗ್ಯ ದಾವಣಗೆರೆಯವರಿಗೆ ಇಷ್ಟು ಹತ್ತಿರದಲ್ಲಿದ್ದೂ ಬಹಳ ಮಂದಿ ಬೆಣ್ಣೆದೋಸೆಯ ಹೋಟೆಲಿನ ಸಾಲಿನಲ್ಲೇ ಭಾನುವಾರ ಕಳೆಯುತ್ತಾರೆಂಬುದು ಈ ಮುದುಕನ ಹಳೆಯ ತಕರಾರು.

ಮರುಪ್ರಶ್ನೆ: ಪಿ.ಜೆ. ಬಡಾವಣೆ ನಿವಾಸಿ, ದಾವಣಗೆರೆ

ಮೂವರಿಗೂ ಕೃತಜ್ಞತೆಗಳು. ಪರಮಪ್ರಸಾದದ ವಿಷಯ ತಿಳಿಸಿದ್ದು ಬಹಳ ಒಳ್ಳೆಯದಾಯಿತು, ನಮ್ಮ ತಾಯಿಯವರಾಗಿದ್ದರೆ ಎಲ್ಲರಿಗಿಂತ ಮೊದಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಮೇಷ್ಟ್ರ ಮಾತಿನಂತೆ ಹಬ್ಬದ ಹಿಂದಿನ ವಾರದಲ್ಲಿ ಒಂದು ಬೆಳಗ್ಗೆ ಹೋಗಲು ಅವರನ್ನು ಒಪ್ಪಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಗುಡಿಯಲ್ಲಿ ಅರ್ಚನೆ ಮಾಡಿಸುವಂತೆ ತಾಯಿಯವರ ಹೆಸರಿನಲ್ಲಿ ಪೂಜೆ ಮಾಡಿಸಲು ಬರುತ್ತದೆಯೇ? ಮಾತೆಗೆ ಒಂದು ಸೀರೆ ಕೊಡಬೇಕೆಂಬ ಆಸೆಯೂ ಅವರಿಗಿದೆ, ಅದನ್ನು ಯಾರ ಕೈಗೆ ಕೊಡಬೇಕು?

ಉತ್ತರ 4: ಹರಿಹರದ ಗೃಹಿಣಿ

ಹೆಸರು ಹೇಳಿ ಪ್ರಾರ್ಥನೆ ಮಾಡಿಸಬಹುದು. ಚರ್ಚಿನ ಕಚೇರಿಯಲ್ಲಿ ತಾಯಿಯವರ ಹೆಸರನ್ನೂ ಅವರ ಕೋರಿಕೆಯನ್ನೂ ಬರೆಸಿ ಕಾಣಿಕೆ ಸಲ್ಲಿಸಿದರೆ, ಆ ಕೋರಿಕೆಯನ್ನು ಒಂದು ದಿನದ ಬಲಿಪೂಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಕ್ರೈಸ್ತರಾಗಿರಬೇಕೆಂಬ ನಿಯಮವಿಲ್ಲ. ಆದರೆ ಅರ್ಚನೆಯಂತೆ ಆಗಿಂದಾಗಲೇ ನಿಮ್ಮೆದುರಿಗೆ ಹೆಸರು ಗೋತ್ರ ಹೇಳಿ ಮಾಡಿಸುವಂಥದ್ದಲ್ಲ, ಒಂದೇ ಪೂಜೆಯಲ್ಲಿ ಅನೇಕರ ಕೋರಿಕೆಗಳು ಸೇರಿರುತ್ತವೆ. ನೀವು ಕುಳಿತಿರುವ ಪೂಜೆಯಲ್ಲಿಯೇ ಆಗಬೇಕೆಂದಿದ್ದರೆ ಒಂದೆರಡು ದಿನ ಮುಂಚಿತವಾಗಿಯೇ ಬಂದು ಬರೆಸಿಹೋಗಿ.

ಸೀರೆಯನ್ನು ನೇರವಾಗಿ ಬಲಿಪೀಠದ ಮೇಲಾಗಲಿ ಪ್ರತಿಮೆಯ ಪಾದದ ಬಳಿಯಾಗಲಿ ಇಡಬೇಡಿ. ಕಚೇರಿಯಲ್ಲಿಯೋ ಗುರುಗಳಲ್ಲಿಯೋ ಮೊದಲು ವಿಚಾರಿಸಿ, ಅವರು ಹೇಳಿದವರ ಕೈಗೆ ಕೊಡಿ. ಪೂಜೆ ಮುಗಿದ ಮೇಲೆ ಗುರುಗಳು ಬಾಗಿಲ ಬಳಿ ಸಿಕ್ಕರೆ, ಮಂಡಿನೋವಿನ ವಿಷಯ ಹೇಳಿ ಆಶೀರ್ವಾದ ಕೇಳಲು ತಾಯಿಯವರು ಸಂಕೋಚಪಡಬೇಕಾಗಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಅದು ಎಲ್ಲರಿಗೂ ಉಂಟು.

ಉತ್ತರ 5: ದುರ್ಗದ ಅಲೆಮಾರಿ

ಮೇಷ್ಟ್ರು ಗೆದ್ದರು, ಸಂತೋಷ. ತಾಯಿಯವರಿಗೆ ಹರಿಹರ ಹಿಡಿಸಿ, ಮಂಡಿನೋವೂ ತಗ್ಗಿದ ಮೇಲೆ ಜನವರಿಯ ಕೊನೆಯಲ್ಲಿ ನಡೆಯುವ ಅತ್ತೂರಿನ ಜಾತ್ರೆಗೆ ನೀವೊಬ್ಬರಾದರೂ ಹೋಗಿ ಬನ್ನಿ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯ ಮೇಲೆ ಕಾರ್ಕಳಕ್ಕೆ ದಾರಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ದೊಡ್ಡ ಬಸ್ಸು ಗೊತ್ತುಮಾಡಿಕೊಂಡು ಹೊರಡಬೇಡಿ. ದಾರಿಯಲ್ಲಿ ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯವನ್ನು (ಬಿಷಪ್ಪರ ಮುಖ್ಯ ಚರ್ಚನ್ನು) ನೋಡಿಕೊಂಡು ಹೋಗಬಹುದು. ಅತ್ತೂರಿನಲ್ಲಿ ಪುಷ್ಕರಿಣಿಯೂ ಇದೆ. ಕೊಂಕಣಿ, ಕನ್ನಡ ಎರಡೂ ಭಾಷೆಗಳಲ್ಲಿ ಪೂಜೆ ನಡೆಯುವುದರಿಂದ, ವೇಳೆಯ ಫಲಕವನ್ನು ನೋಡಿ ಕನ್ನಡದ್ದಕ್ಕೇ ಕುಳಿತರೆ ಪ್ರಬೋಧನೆಯೂ ಅರ್ಥವಾಗುತ್ತದೆ.