ಅಪ್‌ಡೇಟ್: ಕೊಲೆಸ್ಟ್ರಾಲ್ 262, ರಿಪೋರ್ಟ್ ತಪ್ಪೇ ಅಂತ ಕೇಳಿದ್ದೆ

ರಿಪೋರ್ಟ್ ಸರಿಯಾಗೇ ಇತ್ತು. ಮೊದಲ ಸಲ ತಿಂಡಿ ತಿಂದು ರಕ್ತ ಕೊಟ್ಟಿದ್ದು: ಟೋಟಲ್ 262, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 42, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 178. ಬೇರೆ ಲ್ಯಾಬಿನಲ್ಲಿ 12 ಗಂಟೆ ಉಪವಾಸವಿದ್ದು ಕೊಟ್ಟಾಗ ಟೋಟಲ್ 258, ಟ್ರೈಗ್ಲಿಸರೈಡ್ 140. ಆದರೆ ಎಲ್‌ಡಿಎಲ್ 188ಕ್ಕೆ ಏರಿತು! ಕಾರಣ, ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಟೋಟಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆದು. ಊಟದಿಂದ ಟ್ರೈಗ್ಲಿಸರೈಡ್ ಏರಿದರೆ ಎಲ್‌ಡಿಎಲ್ ಕಮ್ಮಿ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ, ಡೈರೆಕ್ಟ್ ಎಲ್‌ಡಿಎಲ್ ಕೇಳಿ ಮಾಡಿಸಬೇಕು.

ಹಾಗಾಗಿ ಉಪವಾಸ, ಲ್ಯಾಬ್ ಬದಲಾವಣೆ ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು "ಟಿಎಸ್‌ಎಚ್ ನೋಡಿಸಿ" ಅಂದವರ ಸಲಹೆ (ಟಿಎಸ್‌ಎಚ್ ಅಂದರೆ ಥೈರಾಯ್ಡ್ ನೋಡುವ ರಕ್ತಪರೀಕ್ಷೆ); ತುಂಬಾ ಥ್ಯಾಂಕ್ಸ್. ಟಿಎಸ್‌ಎಚ್ 14 ಬಂತು; ಇದು ಹೆಚ್ಚು, ಅಂದರೆ ಥೈರಾಯ್ಡ್ ಕೆಲಸ ಕುಂದಿದೆ. ಥೈರಾಯ್ಡ್ ಕುಂದಿದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ನಿಧಾನವಾಗುತ್ತದಂತೆ. ಡಾಕ್ಟರು ಸದ್ಯಕ್ಕೆ ಥೈರಾಯ್ಡ್ ಮಾತ್ರೆ ಮಾತ್ರ ಬರೆದಿದ್ದಾರೆ. 8 ವಾರದ ನಂತರ ಎರಡೂ ಟೆಸ್ಟ್ ಮತ್ತೆ.