ಪ್ರಗತಿ ‘ತೃಪ್ತಿಕರವಲ್ಲ’ ಅಂದರೆ ಪಿಎಚ್.ಡಿ. ನೋಂದಣಿ ರದ್ದಾಗುತ್ತದೆಯೇ?

ಸಕ್ಕರೆನಾಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲಸ ಮಂಡ್ಯದಲ್ಲಿ, ಅರ್ಥಶಾಸ್ತ್ರದಲ್ಲಿ ಅರೆಕಾಲಿಕ ಪಿಎಚ್.ಡಿ. ಮೈಸೂರಿನಲ್ಲಿ. ಪ್ರವೇಶ 2023ರ ಮಾರ್ಚ್. ಕೋರ್ಸ್‌ವರ್ಕ್‌ನಲ್ಲಿ (ಶುರುವಿನ ಪಾಠ, ಪರೀಕ್ಷೆ) 61% ಬಂದಿದೆ. ವಿಷಯ ಕಬ್ಬು ಬೆಳೆಗಾರರ ಸಾಲ. ಮದ್ದೂರು, ಪಾಂಡವಪುರ ತಾಲ್ಲೂಕುಗಳಲ್ಲಿ 240 ಮನೆಗಳ ಸಮೀಕ್ಷೆ ಆಗಬೇಕು, 70 ಮುಗಿದಿದೆ. ಈ ಸಲದ ಸಂಶೋಧನಾ ಸಲಹಾ ಸಮಿತಿ ಸಭೆಯಲ್ಲಿ ‘ಪ್ರಗತಿ ತೃಪ್ತಿಕರವಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರು. ಕಾಗದ ಇನ್ನೂ ಕೈಗೆ ಬಂದಿಲ್ಲ.

ಕೇಳಬೇಕಾದ್ದು ಇಷ್ಟು. ಇಷ್ಟಕ್ಕೇ ನೋಂದಣಿ ರದ್ದು ಮಾಡಬಹುದೇ? ಪಿಎಚ್.ಡಿ. ಮುಗಿಸಲು ಇರುವ ಆರು ವರ್ಷದ ಮಿತಿಯ ಲೆಕ್ಕ ಎಲ್ಲಿಂದ ಶುರು? ಲೇಖನ ಪ್ರಕಟಣೆ ಕಡ್ಡಾಯವೇ? ಮಹಾಪ್ರಬಂಧ ಕನ್ನಡದಲ್ಲಿದ್ದು, ಎರಡು ಅಧ್ಯಾಯ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿದೆ. ಕೃತಿಚೌರ್ಯ ತಪಾಸಣೆಯಲ್ಲಿ ತೊಂದರೆ ಆಗುತ್ತದೆಯೇ?

ಕುಕ್ಕರಹಳ್ಳಿ ಏರಿ

ಒಂದು ಸಭೆಯಲ್ಲಿ ಹಾಗೆ ಹೇಳಿದ ಮಾತ್ರಕ್ಕೆ ನೋಂದಣಿ ಹೋಗುವುದಿಲ್ಲ. ನಿಮಗೆ ಅನ್ವಯವಾಗುವುದು 2022ರ ನವೆಂಬರ್ 7ರಂದು ಪ್ರಕಟವಾದ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಪಿಎಚ್.ಡಿ. ನಿಯಮಾವಳಿ. ಅದರಂತೆ ಸಂಶೋಧನಾರ್ಥಿ ಪ್ರತಿ ಸೆಮಿಸ್ಟರ್ ಸಮಿತಿಯ ಮುಂದೆ ಹಾಜರಾಗಿ ಕೆಲಸ ಮಂಡಿಸಬೇಕು, ಚಿಕ್ಕ ವರದಿ ಕೊಡಬೇಕು. ಪ್ರಗತಿ ಸಾಲದು ಅನಿಸಿದರೆ ಸಮಿತಿ ಕಾರಣವನ್ನು ದಾಖಲಿಸಿ, ಏನು ಸರಿಪಡಿಸಬೇಕೆಂದು ಸೂಚಿಸಬೇಕು. ಆ ಸೂಚನೆಗಳನ್ನು ಪಾಲಿಸದೆ ಹೋದಾಗಲೇ, ಅದೂ ನಿರ್ದಿಷ್ಟ ಕಾರಣ ಕೊಟ್ಟು, ರದ್ದತಿಗೆ ಶಿಫಾರಸು ಮಾಡಬಹುದು. ನೀವಿನ್ನೂ ಮೊದಲ ಮೆಟ್ಟಿಲಲ್ಲಿದ್ದೀರಿ.

ಆದರೆ ಕಾಗದ ಕೈಗೆ ಬಾರದಿರುವುದನ್ನು ಹಗುರವಾಗಿ ತಗೊಳ್ಳಬೇಡಿ. ಸಮಿತಿಯ ಶಿಫಾರಸಿನ ಒಂದು ಪ್ರತಿ ಸಂಶೋಧನಾರ್ಥಿಗೂ ಸಿಗಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಮುಂದಿನ ಸಭೆಯಲ್ಲಿ ‘ಹೋದ ಸಲ ಹೇಳಿದ್ದು ಮಾಡಿದಿರಾ’ ಎಂದೇ ಕೇಳುತ್ತಾರೆ. ಹೇಳಿದ್ದೇನೆಂದು ಬರಹದಲ್ಲಿ ಇರದಿದ್ದರೆ ಮಾಡಿದ್ದನ್ನು ತೋರಿಸುವುದಕ್ಕೂ ಆಧಾರ ಇರುವುದಿಲ್ಲ. ಸಮಿತಿಯ ಸಂಚಾಲಕರು ನಿಮ್ಮ ಗೈಡೇ. ಅವರಿಗೆ ವಿಭಾಗದ ಮುಖ್ಯಸ್ಥರ ಮೂಲಕ ಒಂದು ಪುಟದ ಪತ್ರ ಬರೆಯಿರಿ. ಸಭೆಯ ದಿನಾಂಕ, ನೀವು ಮಂಡಿಸಿದ ಭಾಗ, ಸಮಿತಿಯ ಅಭಿಪ್ರಾಯ ಮತ್ತು ಸೂಚನೆಗಳ ಪ್ರತಿ ಬೇಕೆಂಬ ಕೋರಿಕೆ, ಇಷ್ಟೇ ಇರಲಿ. ವಾದ, ಸಮರ್ಥನೆ ಅದರಲ್ಲಿ ಬೇಡ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಬರೀ ವಾಟ್ಸಾಪ್ ಸಂದೇಶ ಕಡತಕ್ಕೆ ಸೇರುವುದಿಲ್ಲ.

ಈಗ ವರದಿಯ ಮಾತು. ಹೆಚ್ಚಿನವರು ಎಡವುವುದು ಇಲ್ಲೇ. ‘ಸಾಹಿತ್ಯ ಸಮೀಕ್ಷೆ ನಡೆಯುತ್ತಿದೆ, ಕ್ಷೇತ್ರಕಾರ್ಯ ಪ್ರಗತಿಯಲ್ಲಿದೆ’ ಎಂದು ಮೂರು ಸೆಮಿಸ್ಟರ್ ಒಂದೇ ವಾಕ್ಯ ಬರೆದರೆ, ಎಷ್ಟೇ ಕೆಲಸ ಆಗಿದ್ದರೂ ಓದುವವರಿಗೆ ಅದು ನಿಂತ ನೀರಿನ ಹಾಗೆ ಕಾಣುತ್ತದೆ. ಲೆಕ್ಕಕ್ಕೆ ಸಿಗುವ ಮಾತು ಬರೆಯಬೇಕು: ‘240ರಲ್ಲಿ 70 ಮನೆ ಮುಗಿದಿದೆ. ಮದ್ದೂರು 52, ಪಾಂಡವಪುರ 18. ಪಾಂಡವಪುರದಲ್ಲಿ ಕಡಿಮೆಯಾಗಿದ್ದಕ್ಕೆ ಕಾರಣ ಇದು. ಉಳಿದ 170 ಮನೆಗೆ ವಾರಕ್ಕೆ 8ರಂತೆ 22 ವಾರ ಬೇಕು.’ (ತಾಲ್ಲೂಕಿನ ಅಂಕಿ ಉದಾಹರಣೆಗೆ ಹಾಕಿದ್ದು, ನಿಮ್ಮದನ್ನು ಹಾಕಿಕೊಳ್ಳಿ.) ಅರೆಕಾಲಿಕರಿಗೆ ಸಿಗುವುದು ಶನಿವಾರ, ಭಾನುವಾರ. ಆ ಎರಡು ದಿನದಲ್ಲಿ 8 ಮನೆ ಎಂದರೆ ದಿನಕ್ಕೆ 4. ಸಾಲದ ಪ್ರಶ್ನಾವಳಿಗೆ ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಉತ್ತರಗಳ ಗುಣಮಟ್ಟ ಹಾಳಾಗುತ್ತದೆ. ಸೊಸೈಟಿ ಸಾಲವನ್ನು ರೈತರು ತಕ್ಷಣ ಹೇಳುತ್ತಾರೆ. ಕೈಸಾಲದ ಮಾತು ಹೊರಡುವುದು ಒಂದಷ್ಟು ಹೊತ್ತು ಕೂತ ಮೇಲೆ.

ಕಬ್ಬು ಕಟಾವಿನ ತಿಂಗಳುಗಳನ್ನು ವೇಳಾಪಟ್ಟಿಯಲ್ಲಿ ಬಿಟ್ಟುಬಿಡಿ. ಕಾರ್ಖಾನೆಯ ಕಟಾವು ಆದೇಶ, ಆಳು, ಲಾರಿ ಹಿಂದೆ ಅಲೆಯುತ್ತಿರುವವರು ನಿಮಗೆ ಸಿಗುವುದಿಲ್ಲ, ಸಿಕ್ಕರೂ ಹಣ ಕೈಗೆ ಬರುವ ಮೊದಲಿನ ಸಾಲದ ಚಿತ್ರ ಬೇರೆ, ನಂತರದ್ದು ಬೇರೆ. 70 ಮನೆಗಳನ್ನು ಕಟಾವಿಗೆ ಮುಂಚೆ, ಉಳಿದವನ್ನು ಆಮೇಲೆ ಮಾಡಿದರೆ ಎರಡನ್ನೂ ಒಟ್ಟಿಗೆ ಸೇರಿಸಿ ಹೋಲಿಸಲು ಬರುವುದಿಲ್ಲ. ಪ್ರತಿ ಪ್ರಶ್ನಾವಳಿಯ ಮೇಲೆ ಭೇಟಿಯ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ದಿನಚರಿ ನೋಡಿ ತುಂಬಿ. ಸಮಿತಿಯಲ್ಲಿ ಒಬ್ಬರಾದರೂ ಈ ಪ್ರಶ್ನೆ ಎತ್ತುತ್ತಾರೆ, ಎತ್ತಲೂಬೇಕು.

ಅಂಕದ ಬಗ್ಗೆ ಚಿಂತೆ ಬೇಡ. ಮುಂದುವರಿಯಲು ಕೋರ್ಸ್‌ವರ್ಕ್‌ನಲ್ಲಿ ಬೇಕಾದ್ದು ಕನಿಷ್ಠ 55%.

ತೊಣ್ಣೂರು ಕೆರೆ

ಮೇಲಿನ ಉತ್ತರಕ್ಕೆ ಕಾಲದ ಲೆಕ್ಕ ಸೇರಿಸುತ್ತೇನೆ.

ಆರು ವರ್ಷ ಎಣಿಸುವುದು ಪಿಎಚ್.ಡಿ.ಗೆ ಪ್ರವೇಶ ಪಡೆದ ದಿನದಿಂದ. ಕೋರ್ಸ್‌ವರ್ಕ್ ಮುಗಿದ ದಿನದಿಂದಲೂ ಅಲ್ಲ, ಸಾರಲೇಖ (ಸಂಶೋಧನೆಯ ರೂಪರೇಖೆ) ಒಪ್ಪಿಗೆಯಾದ ದಿನದಿಂದಲೂ ಅಲ್ಲ. ಈ ತಪ್ಪು ಲೆಕ್ಕದಿಂದ ಒಂದು ವರ್ಷ ಕೈಯಲ್ಲಿದೆ ಎಂದು ನಂಬಿ ಕೂತವರಿಗೆ ಕೊನೆಯಲ್ಲಿ ಉಸಿರು ಕಟ್ಟುತ್ತದೆ. 2023ರ ಮಾರ್ಚ್ ಎಂದರೆ ಕನಿಷ್ಠ ಅವಧಿ 3 ವರ್ಷ ತುಂಬುವುದು 2026ರ ಮಾರ್ಚ್‌ಗೆ, ಗರಿಷ್ಠ 6 ವರ್ಷ 2029ರ ಮಾರ್ಚ್‌ಗೆ. ಅದರ ಮೇಲೆ ಮರುನೋಂದಣಿ ಮೂಲಕ ಹೆಚ್ಚೆಂದರೆ 2 ವರ್ಷ, ಒಟ್ಟು 8. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ ಸೇರಿ 10. ಮಹಿಳಾ ಸಂಶೋಧನಾರ್ಥಿಗಳಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಉಂಟು.

ಮರುನೋಂದಣಿ ತಾನಾಗಿ ಆಗುವುದಿಲ್ಲ. ಅವಧಿ ಮುಗಿಯುವ ಮುಂಚೆಯೇ ಅರ್ಜಿ, ಗೈಡ್ ಶಿಫಾರಸು, ಇದುವರೆಗಿನ ಪ್ರಗತಿ ವರದಿಗಳು, ಶುಲ್ಕದ ರಸೀದಿ ಎಲ್ಲ ಸೇರಬೇಕು. ಅಲ್ಲಿಯೂ ನೋಡುವುದು ಇದೇ ಆರಾರು ತಿಂಗಳ ವರದಿಗಳನ್ನು. ಯಾವುದೋ ಒಂದು ಸೆಮಿಸ್ಟರ್‌ನ ವರದಿ ಕಡತದಲ್ಲಿ ಇಲ್ಲದಿದ್ದರೆ ಅದನ್ನು ಹುಡುಕುವುದರಲ್ಲೇ ವಾರಗಳು ಹೋಗುತ್ತವೆ. ಮೊದಲ ವರದಿಯಿಂದ ಹಿಡಿದು ಎಲ್ಲದರ ಸಹಿಯಾದ ಪ್ರತಿ ನಿಮ್ಮಲ್ಲೂ ಒಂದು ಫೈಲ್‌ನಲ್ಲಿ ಇರಲಿ.

2029ರ ಮಾರ್ಚ್‌ನಿಂದ ಹಿಂದಕ್ಕೆ ಎಣಿಸಿ. ಸಲ್ಲಿಕೆಗೆ ಮುಂಚೆ ಸಮಿತಿಯ ಮುಂದೆ ಸಲ್ಲಿಕೆಪೂರ್ವ ಮಂಡನೆ ಆಗಬೇಕು, ಅಲ್ಲಿ ಬಂದ ಸಲಹೆಗಳನ್ನು ಅಳವಡಿಸಬೇಕು, ತಂತ್ರಾಂಶದಲ್ಲಿ ಕೃತಿಚೌರ್ಯ ತಪಾಸಣೆ ಆಗಬೇಕು, ಬೇಬಾಕಿ ಪತ್ರ (ಯಾವ ಬಾಕಿಯೂ ಇಲ್ಲವೆಂಬ ಪತ್ರ) ತರಬೇಕು. ಇಷ್ಟಕ್ಕೆ ಆರು ತಿಂಗಳು ಮೀಸಲಿಡಿ. ಅಂದರೆ 2028ರ ಸೆಪ್ಟೆಂಬರ್ ಹೊತ್ತಿಗೆ ಪೂರ್ಣ ಕರಡು ಗೈಡ್ ಓದಿ ಮುಗಿಸಿರಬೇಕು.

ಪ್ರಕಟಣೆಯ ಪ್ರಶ್ನೆಗೆ: 2016ರ ನಿಯಮಾವಳಿಯಲ್ಲಿ ಒಂದು ನಿಯತಕಾಲಿಕ ಲೇಖನ, ಎರಡು ಸಮ್ಮೇಳನ ಪ್ರಬಂಧ ಕಡ್ಡಾಯವಿತ್ತು. 2022ರದ್ದು ಆ ಷರತ್ತನ್ನು ಕೈಬಿಟ್ಟಿತು. ಆದರೆ ವಿಶ್ವವಿದ್ಯಾನಿಲಯ ತನ್ನ ಸ್ವಂತ ನಿಯಮದಲ್ಲಿ ಇಟ್ಟುಕೊಂಡಿರಬಹುದು. ನಿಮ್ಮ ನೋಂದಣಿ ಆದೇಶದಲ್ಲಿ ಯಾವ ವರ್ಷದ ನಿಯಮ ಎಂದು ಬರೆದಿರುತ್ತದೆ, ಅದನ್ನೇ ನಂಬಿ. ಮಾನ್ಯ ನಿಯತಕಾಲಿಕಗಳ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ. ‘ಕೇರ್ ಪಟ್ಟಿಯಲ್ಲಿದ್ದೇವೆ, ಹಣ ಕಟ್ಟಿ, ವಾರದಲ್ಲಿ ಪ್ರಕಟಿಸುತ್ತೇವೆ’ ಎನ್ನುವವರ ಹತ್ತಿರ ಹೋಗಬೇಡಿ. ಆ ಹಣವೂ ದಂಡ, ಲೇಖನವೂ ದಂಡ.

ಅರ್ಕಾವತ್ತು

ನುಡಿಯ ಪ್ರಶ್ನೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಅದು ಸಣ್ಣ ವಿಷಯ ಅಲ್ಲ.

‘ನುಡಿಯಲ್ಲಿ ಟೈಪ್ ಆಗಿದೆ’ ಎಂದರೆ ಎರಡು ಅರ್ಥ. ಒಂದು, ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಕನ್ನಡವೆಂದೇ ಗುರುತಿಸುವ ಸಂಕೇತ. ಇನ್ನೊಂದು, ‘ನುಡಿ 01 ಇ’ ತರಹದ ಹಳೆಯ ಆಸ್ಕಿ ಫಾಂಟು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು. ತಿಳಿಯುವುದು ಸುಲಭ: ಒಂದು ಪ್ಯಾರಾ ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯುನಿಕೋಡ್. ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಬಂದರೆ ಆಸ್ಕಿ. ತಪಾಸಣೆಯ ತಂತ್ರಾಂಶಕ್ಕೂ ಕಾಣುವುದು ಆ ರಾಶಿಯೇ. ಆಗ ಹೋಲಿಕೆ ಶೂನ್ಯದ ಹತ್ತಿರ ತೋರಿಸಬಹುದು. ಅದು ಒಳ್ಳೆಯ ಸುದ್ದಿ ಅಲ್ಲ, ತಪಾಸಣೆಯೇ ಆಗಿಲ್ಲ ಎಂದರ್ಥ, ವರದಿಯನ್ನು ವಾಪಸ್ ಕಳಿಸುತ್ತಾರೆ. ಮುಂದೆ ಶೋಧಗಂಗಾಕ್ಕೆ (ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ) ಸೇರಿದ ಮೇಲೂ ಆ ಪ್ರಬಂಧದ ಒಳಗಿನ ಒಂದು ಪದವೂ ಹುಡುಕಿದವರಿಗೆ ಸಿಗುವುದಿಲ್ಲ. ನಾಲ್ಕಾರು ವರ್ಷದ ದುಡಿಮೆ ಹಾಗೆ ಕಾಣದೆ ಹೋಗುವುದು ನಿಜಕ್ಕೂ ಸಂಕಟದ ಸಂಗತಿ.

ಎರಡೇ ಅಧ್ಯಾಯ ಆಗಿರುವಾಗ ಈಗಲೇ ಪರಿವರ್ತಿಸಿ. ಪರಿವರ್ತಕಕ್ಕೆ ಇಡೀ ಅಧ್ಯಾಯವನ್ನು ಒಮ್ಮೆಗೇ ಸುರಿಯಬೇಡಿ. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅದು ನುಡಿ ಸಂಕೇತ ಎಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಕೋಷ್ಟಕ, ಸೂತ್ರ, ಇಂಗ್ಲಿಷ್ ಗ್ರಂಥಋಣ ಪ್ರತ್ಯೇಕ ಎತ್ತಿಟ್ಟು, ಕನ್ನಡ ಭಾಗವನ್ನಷ್ಟೇ ಪರಿವರ್ತಿಸಿ ಮತ್ತೆ ಜೋಡಿಸಿ. ಆಮೇಲೆ ಮುದ್ರಿತ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ: ಅರ್ಕಾವತ್ತು, ದಶಮಾಂಶ ಚುಕ್ಕೆ, ಉದ್ಧರಣ ಚಿಹ್ನೆ, ‘ರ‍್ಯಾಂಕ್’ ತರಹದ ಪದ ಇವು ಮೊದಲು ಕೆಡುತ್ತವೆ. ಪುಟ ಸಂಖ್ಯೆ ಬದಲಾಗುವುದರಿಂದ ಪರಿವಿಡಿ ಕೊನೆಗೆ ಮಾಡಿ.

ಹೋಲಿಕೆಯ ಮಿತಿ 2018ರ ಯುಜಿಸಿ ನಿಯಮಾವಳಿಯಲ್ಲಿದೆ. ಶೇ. 10ರವರೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿ ರದ್ದು. ಉಲ್ಲೇಖ ಕೊಟ್ಟ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಈ ಲೆಕ್ಕಕ್ಕಿಲ್ಲ. ಸಾಮಾನ್ಯ ಜ್ಞಾನದ ಮಾತಾದರೆ ಸತತ 14 ಪದಗಳವರೆಗಿನ ಹೋಲಿಕೆಗೂ ವಿನಾಯಿತಿ. ಕನ್ನಡದಲ್ಲಿ 14 ಪದ ಎಂದರೆ ಕಡಿಮೆಯೇನಲ್ಲ, ಎರಡು ವಾಕ್ಯವೇ ಆದೀತು. ನಿಮ್ಮಂಥ ವಿಷಯದಲ್ಲಿ ಹೋಲಿಕೆ ಏರುವುದು ಜಿಲ್ಲೆಯ ಪರಿಚಯ ಕೊಡುವ ಅಧ್ಯಾಯದಲ್ಲಿ. ಗೆಜೆಟಿಯರ್, ಜಿಲ್ಲಾ ಅಂಕಿಅಂಶ ನೋಟದಂಥ ಸರ್ಕಾರಿ ಪುಸ್ತಕಗಳಿಂದ ಎಲ್ಲರೂ ಒಂದೇ ವಾಕ್ಯ ಎತ್ತಿರುತ್ತಾರೆ. ಕೃಷ್ಣರಾಜಸಾಗರ, ವಿಶ್ವೇಶ್ವರಯ್ಯ ನಾಲೆಯ ಬಗ್ಗೆ ನಿಮ್ಮ ಸಾಲದ ಪ್ರಶ್ನೆಗೆ ಬೇಕಾದಷ್ಟನ್ನೇ, ನಿಮ್ಮ ಮಾತಿನಲ್ಲೇ ಬರೆಯಿರಿ. ಉಳಿದದ್ದನ್ನು ಬಿಡಿ.

ಸಕ್ಕರೆನಾಡು

ಎಲ್ಲರಿಗೂ ತುಂಬ ಧನ್ಯವಾದ. ವಾಟ್ಸಾಪ್‌ಗೆ ಅಂಟಿಸಿ ನೋಡಿದೆ, ಆಸ್ಕಿಯೇ. ಪತ್ರ ನಾಳೆ ಕೊಡುತ್ತೇನೆ. ಕುಕ್ಕರಹಳ್ಳಿ ಏರಿ ಸರ್, ಇನ್ನೊಂದು ಮಾತು: ಗೈಡ್ 2027ರಲ್ಲಿ ನಿವೃತ್ತರಾಗುತ್ತಾರೆ. ಆಮೇಲೆ?

ಕುಕ್ಕರಹಳ್ಳಿ ಏರಿ

ನಿವೃತ್ತಿಯವರೆಗೆ ಅವರೇ ಗೈಡ್. ನಂತರ 70 ವರ್ಷ ತುಂಬುವವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು. ಹಾಗಾಗಿ ಸೇವೆಯಲ್ಲಿರುವ ಇನ್ನೊಬ್ಬರು ನಿಮಗೆ ಗೈಡ್ ಆಗಬೇಕು, ಅವರ ಬಳಿ ಜಾಗ ಖಾಲಿ ಇರಬೇಕು. ಏಕಕಾಲಕ್ಕೆ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಂದಿಯ ಮಿತಿ ಇದೆ. ನಿವೃತ್ತಿ ಹತ್ತಿರ ಬಂದಾಗ ಆ ಗೈಡ್‌ನ ಎಲ್ಲ ಸಂಶೋಧನಾರ್ಥಿಗಳೂ ಒಟ್ಟಿಗೇ ಜಾಗ ಹುಡುಕುತ್ತಾರೆ. ನೀವು 2026ರಲ್ಲೇ ಮಾತಾಡಿ, ಇಬ್ಬರ ಒಪ್ಪಿಗೆ ಪತ್ರದೊಂದಿಗೆ ವಿಭಾಗದ ಮೂಲಕ ಕುಲಸಚಿವರ ಕಚೇರಿಗೆ ಕಳಿಸಿ. ಸಮಿತಿಯ ಸಂಚಾಲಕರೂ ಬದಲಾಗುವುದರಿಂದ ಹಳೆಯ ಸೂಚನೆಗಳೆಲ್ಲ ಬರಹದಲ್ಲಿ ಇರಬೇಕಾದ್ದು ಇದಕ್ಕೂ ಮುಖ್ಯ.

ಕೆಲಸದ ಸ್ಥಳದಿಂದ ತಂದ ನಿರಾಕ್ಷೇಪಣಾ ಪತ್ರವನ್ನೂ ಒಮ್ಮೆ ತೆಗೆದು ಓದಿ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ ಎಂದು ಅವರೇ ಅದರಲ್ಲಿ ಒಪ್ಪಿರುತ್ತಾರೆ. ಸಮೀಕ್ಷೆಗೆ ರಜೆ ಕೇಳುವಾಗ ಅದರ ಪ್ರತಿ ಲಗತ್ತಿಸಿ.

ಬಲಮುರಿ

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಷಿಪ್) ಇರುವವರಿಗೆ ‘ತೃಪ್ತಿಕರವಲ್ಲ’ ಎಂದು ಬಂದರೆ ಫೆಲೋಷಿಪ್ ನಿಲ್ಲುತ್ತದೆಯೇ?

ತೊಣ್ಣೂರು ಕೆರೆ

ಜೆಆರ್‌ಎಫ್‌ನ ನಿರ್ಣಾಯಕ ಘಟ್ಟ ಎರಡು ವರ್ಷ ತುಂಬಿದಾಗಿನ ಮೌಲ್ಯಮಾಪನ. ಮೂವರ ಸಮಿತಿ ಕೆಲಸ ನೋಡಿ ಒಪ್ಪಿದರೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಷಿಪ್) ಆಗುತ್ತದೆ, ತಿಂಗಳಿಗೆ 37,000 ಇದ್ದದ್ದು 42,000 ರೂಪಾಯಿ ಆಗುತ್ತದೆ (2023ರ ಜನವರಿಯಿಂದ ಜಾರಿಗೆ ಬಂದ ದರ). ಒಪ್ಪದಿದ್ದರೆ ಸುಧಾರಣೆಗೆ ಇನ್ನೊಂದು ವರ್ಷ ಜೆಆರ್‌ಎಫ್ ದರದಲ್ಲೇ ಕೊಟ್ಟು ಮತ್ತೆ ನೋಡುತ್ತಾರೆ. ಆಗಲೂ ಸರಿಹೋಗದಿದ್ದರೆ ನಿಲ್ಲಿಸುತ್ತಾರೆ. ಮೌಲ್ಯಮಾಪನ ಸಭೆಯನ್ನು ಎರಡು ವರ್ಷ ತುಂಬುವ ಒಂದು ತಿಂಗಳ ಮುಂಚೆಯೇ ಗೊತ್ತುಮಾಡಿಸಿ. ಹೊರಗಿನ ತಜ್ಞರ ದಿನಾಂಕ ಸಿಗದೆ ಸಭೆ ಮುಂದೆ ಹೋಗುವುದೇ ಹೆಚ್ಚು. ಸಂಶೋಧನಾರ್ಥಿ ಕೆಲಸದಲ್ಲಿದ್ದಾರೆ ಎಂಬ ತಿಂಗಳ ದೃಢೀಕರಣವನ್ನು ಫೆಲೋಷಿಪ್ ಪೋರ್ಟಲ್‌ನಲ್ಲಿ ಹಾಕುವುದು ಸಂಸ್ಥೆಯ ಕೆಲಸ. ಹಣ ನಿಂತಾಗ ಮೊದಲು ಅಲ್ಲಿ ವಿಚಾರಿಸಿ, ಕಾರಣ ಬಹುಪಾಲು ಪ್ರಗತಿ ವರದಿಯಲ್ಲಿ ಇರುವುದಿಲ್ಲ.